ತಾಯಿ ಹೆಸರು ಮೊದಲು

ಮುನವಳ್ಳಿ ಪೇಟೆಯಲ್ಲಿ ಸದಾಶಿವನದೊಂದು ಸಣ್ಣ ಮುದ್ರಣಾಲಯ ಇದೆ. ಊರವರ ಬಾಯಲ್ಲಿ ಅದು ಬರೀ ‘ಪ್ರೆಸ್ಸು’. ಸುತ್ತಲಿನ ಹದಿನೈದು ಹಳ್ಳಿಗಳ ಲಗ್ನಪತ್ರಿಕೆಗಳು ಅಲ್ಲೇ ಅಚ್ಚಾಗಿವೆ. ಅವನ್ನೆಲ್ಲ ಯಾರಾದರೂ ಕೂಡಿಹಾಕಿ ನೋಡಿದರೆ ಒಂದು ವಿಚಿತ್ರ ಕಂಡೀತು. ನಡುವಿನ ಹನ್ನೊಂದು ವರ್ಷಗಳ ಪತ್ರಿಕೆಗಳಲ್ಲಿ ಒಂದೇ ಒಂದು ಅಕ್ಷರ ತಪ್ಪಿಲ್ಲ. ಅದಕ್ಕೂ ಮೊದಲು ತಪ್ಪುತ್ತಿತ್ತು, ಈಗಲೂ ಧಾರಾಳವಾಗಿ ತಪ್ಪುತ್ತದೆ. ಆ ಹನ್ನೊಂದು ವರ್ಷ ಪ್ರೂಫ್ ನೋಡುತ್ತಿದ್ದವಳು ಸದಾಶಿವನ ಹೆಂಡತಿ ರಾಯವ್ವ.

ರಾಯವ್ವ ಸಿರಸಂಗಿಯ ಹೆಣ್ಣುಮಗಳು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದಳು, ಆದರೆ ಅವಳ ಕಣ್ಣು ಮಾತ್ರ ಶಾಲೆ ಬಿಟ್ಟಿರಲಿಲ್ಲ. ಕಿವಿಯ ಹಿಂದೆ ಗಿಡ್ಡ ಪೆನ್ಸಿಲ್ಲೊಂದನ್ನು ಸಿಗಿಸಿಕೊಂಡು, ಅಚ್ಚಿಗೆ ಹೋಗುವ ಕಾಗದವನ್ನು ಮೊಳಕಾಲ ಮೇಲೆ ಹರವಿಕೊಂಡು ಕುಳಿತಳೆಂದರೆ ಸೊನ್ನೆಯೊಂದೂ ತಪ್ಪಿಸಿಕೊಳ್ಳುವಂತಿರಲಿಲ್ಲ. ತಪ್ಪಿದ್ದಕ್ಕೆ ಸುತ್ತು ಹಾಕುವಳು, ಬೇಡವಾದದ್ದರ ಮೇಲೆ ಅಡ್ಡಗೆರೆ ಎಳೆಯುವಳು. ಒಮ್ಮೆ ಒಬ್ಬ ವರ ‘ಬಸಪ್ಪ’ ಹೋಗಿ ‘ಬಸವ್ವ’ ಆಗಿ ಅಚ್ಚಿಗೆ ಹೊರಟಿದ್ದ. ರಾಯವ್ವ ನೋಡದಿದ್ದರೆ ಆ ಲಗ್ನಕ್ಕೆ ಹೋದವರು ಯಾರ ತಲೆಗೆ ಅಕ್ಷತೆ ಹಾಕಬೇಕಾಗುತ್ತಿತ್ತೋ ದೇವರೇ ಬಲ್ಲ.

ಈ ವಿದ್ಯೆ ಕಲಿಸಿದವನು ಸದಾಶಿವನೇ. ಮದುವೆಯಾದ ಹೊಸದರಲ್ಲಿ ಮೊದಲ ಪಾಠ ಹೇಳಿದ್ದ.

“ಗಂಡಿನ ಹೆಸರ ಮೊದಲ, ಹೆಣ್ಣಿನ ಹೆಸರ ಆಮ್ಯಾಲ. ಇದೊಂದ ತಪ್ಪಬಾರದ ನೋಡ. ಉಳದದ್ದ ತಪ್ಪಿದ್ರ ಜನಾ ನಗತಾರ, ಇದ ತಪ್ಪಿದ್ರ ಬೀಗರ ಬಡದಾಡತಾರ.”

ರಾಯವ್ವ ಈ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಇಪ್ಪತ್ತೆರಡು ವರ್ಷಗಳ ಮೇಲೆ ಅದೇ ಗಂಟು ಅವಳ ಕೊರಳಿಗೆ ಬರುವುದಿತ್ತು.

ಮುಂದೆ ಕಂಪ್ಯೂಟರ್ ಬಂತು, ಮೊಬೈಲ್ ಬಂತು, ಪತ್ರಿಕೆಗಳು ಮೊಬೈಲಿನಲ್ಲೇ ಹುಟ್ಟಿ ಅಲ್ಲೇ ಅಳಿಸಿಹೋಗತೊಡಗಿದವು. ಪ್ರೂಫ್ ನೋಡುವ ಕೆಲಸ ತೆಳ್ಳಗಾಯಿತು. ಅಷ್ಟರಲ್ಲಿ ಹತ್ತಿಬೀಜ ಬೆಳೆಸುವವರು ರಾಮದುರ್ಗದ ಕಡೆಯಿಂದ ಕೈ ಚುರುಕಾದ ಹೆಂಗಸರನ್ನು ಹುಡುಕುತ್ತ ಬಂದರು. ಕ್ರಾಸಿಂಗ್ ಕೆಲಸ ಎಂದು ಅದಕ್ಕೆ ಹೆಸರು. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಬಿಡಿಸಿ, ಅದರೊಳಗಿನ ಗಂಡು ಭಾಗವನ್ನು ಉಗುರಿನಿಂದ ಸುಲಿದು ತೆಗೆಯಬೇಕು. ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಹೂವು ತಂದು ಅದರ ಹುಡಿಯನ್ನು ಇದಕ್ಕೆ ಸವರಬೇಕು. ಪ್ರೂಫ್ ನೋಡಿದವಳಿಗೆ ಇದೇನು ದೊಡ್ಡ ವಿದ್ಯೆ? ಬೇಡವಾದದ್ದನ್ನು ತೆಗೆ, ಬೇಕಾದದ್ದನ್ನು ಇಡು. ನಾಲ್ಕು ವರ್ಷ ಕಳೆಯುವುದರೊಳಗೆ ರಾಯವ್ವ ಹನ್ನೆರಡು ಹೆಂಗಸರ ಗುಂಪನ್ನು ನಡೆಸುವ ಮುಕಾದಮಳಾದಳು.

ಅವಳ ಗುಂಪಿನಲ್ಲಿ ಕಾಯಿದೆಗಳು ಕಟ್ಟುನಿಟ್ಟು. ಸೀರೆಯ ಮೇಲೆ ಗಂಡಸರ ತುಂಬು ತೋಳಿನ ಅಂಗಿ ತೊಡಬೇಕು, ಯಾಕೆಂದರೆ ಸೆರಗಿನಷ್ಟು ಹುಡಿ ಹೊರುವ ಕಳ್ಳ ಇನ್ನೊಬ್ಬನಿಲ್ಲ. ಒಂದು ತಳಿಯ ಹುಡಿ ಮುಟ್ಟಿದ ಕೈ ಇನ್ನೊಂದನ್ನು ಮುಟ್ಟುವ ಮೊದಲು ಸಾಬೂನು ಕಾಣಬೇಕು. ಎಲ್ಲಿಯಾದರೂ ಕೆಲಸ ಕೆಟ್ಟಿತೆಂಬ ಅನುಮಾನ ಬಂದರೆ ಆ ಟೊಂಗೆಗೆ ಕರಿ ದಾರ ಕಟ್ಟಬೇಕು.

“ತಪ್ಪಿದ್ದನ್ನ ಮುಚ್ಚಬ್ಯಾಡ್ರಬೇ, ಗುರುತ ಮಾಡ್ರಿ. ಮುಚ್ಚಿದ್ದ ತಪ್ಪ ಊರ ತುಂಬಾ ಅಚ್ಚ ಆಗತೇತಿ,” ಎನ್ನುವಳು.

ಹೀಗಾಗಿ ಸವದತ್ತಿಯಿಂದ ರಾಮದುರ್ಗದವರೆಗೆ ‘ರಾಯವ್ವನ ಕೈ’ ಎಂಬುದು ಒಂದು ಮಾತೇ ಆಗಿಹೋಯಿತು. ರಾಯವ್ವನ ಕೈ ಬಿದ್ದ ಹೊಲದ ಬೀಜದಲ್ಲಿ ಬೆರಕೆ ಇರುವುದಿಲ್ಲ ಎಂದು ಬೀಜದವರು ಕಣ್ಣು ಮುಚ್ಚಿ ನಂಬುತ್ತಿದ್ದರು. ಅವಳ ಹತ್ತಿರ ಹೊಲವಿರಲಿಲ್ಲ, ಡಿಗ್ರಿ ಇರಲಿಲ್ಲ. ಇದ್ದದ್ದು ಈ ಹೆಸರು. ಹನ್ನೆರಡು ಮನೆಗಳ ಒಲೆ ಅದೇ ಹೆಸರಿನ ಮೇಲೆ ನಿಂತಿತ್ತು.

ಈಗ ಎರಡು ವರ್ಷದ ಹಿಂದೆ, ಮುಂಗಾರಿನಲ್ಲಿ, ಶೈಲಶ್ರೀ ಎಂಬ ಹುಡುಗಿ ಈ ಹೆಸರನ್ನು ಕೇಳಿಕೊಂಡೇ ಮುನವಳ್ಳಿಗೆ ಬಂದಳು. ಬೈಲಹೊಂಗಲದವಳು, ಸಸ್ಯಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಕಾಲುವೆಯ ಬದಿಗೆ ಅರ್ಧ ಎಕರೆ ಹೊಲ ಹಿಡಿದು ಎರಡು ಬಗೆಯ ಗೋವಿನಜೋಳ, ಅಂದರೆ ಮೆಕ್ಕೆಜೋಳ, ಬಿತ್ತಿದ್ದಳು. ಒಂದು ಕೆಂಪು ಕಾಳಿನದು, ಒಂದು ಬಿಳಿ ಕಾಳಿನದು.

“ಅಕ್ಕಾರ, ನನಗ ಎರಡೂ ಕಡಿಂದ ಕ್ರಾಸ್ ಆಗಬೇಕ್ರಿ,” ಎಂದಳು. “ಅರ್ಧಾ ಗಿಡದಾಗ ಕೆಂಪು ತಾಯಿ, ಬಿಳಿ ತಂದಿ. ಇನ್ನರ್ಧಾ ಗಿಡದಾಗ ಬಿಳಿ ತಾಯಿ, ಕೆಂಪು ತಂದಿ. ಒಟ್ಟ ಎರಡನೂರಾ ನಲವತ್ತ ತೆನಿ.”

ಗುಂಪಿನಲ್ಲಿ ಗುರುಬಸವ್ವ ಎಂಬವಳಿದ್ದಳು. ಅವಳ ಕೈ ಎಷ್ಟು ಓಡುತ್ತಿತ್ತೋ ಬಾಯಿ ಅದರ ಎರಡರಷ್ಟು ಓಡುತ್ತಿತ್ತು. “ಅಲ್ರಿ ಮೇಡಂ, ಬಣ್ಣ ಅವ್ವನ ಕಡಿಂದ ಬಂದ್ರೇನ, ಅಪ್ಪನ ಕಡಿಂದ ಬಂದ್ರೇನ? ಕೂಸ ಒಂದ ಅಲ್ಲೇನ್ರಿ?” ಎಂದು ಕೇಳಿಯೇಬಿಟ್ಟಳು.

ಶೈಲಶ್ರೀ ನಕ್ಕಳು. “ಅದನ್ನ ನೋಡಾಕನ ಬಂದೇನ್ರಿ. ಏನ ಬರತೇತಿ ಅಂತ ಈಗ ಹೇಳಂಗಿಲ್ಲ. ಹೇಳಿದ್ರ ನಿಮ್ಮ ಕಣ್ಣ ಅದನ್ನ ಹುಡುಕತಾವು.”

ರಾಯವ್ವನಿಗೆ ಈ ಮಾತು ಹಿಡಿಸಿತು. ಪ್ರೂಫ್ ನೋಡುವಾಗಲೂ ಅದೇ ನಿಯಮ. ಹೀಗಿರಬೇಕು ಎಂದು ಮೊದಲೇ ಅಂದುಕೊಂಡು ಓದಿದವನಿಗೆ ಹಾಗೆಯೇ ಇದ್ದಂತೆ ಕಾಣುತ್ತದೆ.

ಗೋವಿನಜೋಳದ ಸಂಸಾರ ಹತ್ತಿಯಂತಲ್ಲ. ಗಂಡು ಹೂವು ಗಿಡದ ನೆತ್ತಿಯಲ್ಲಿ ಸೂಲಂಗಿಯಾಗಿ ನಿಂತಿರುತ್ತದೆ, ಹೆಣ್ಣು ನಡುವಿನಲ್ಲಿ ತೆನೆಯಾಗಿ ಕೂತಿರುತ್ತದೆ. ತೆನೆಯ ತುದಿಯಿಂದ ಇಳಿಬೀಳುವ ಒಂದೊಂದು ಕೂದಲೂ ಒಳಗಿನ ಒಂದೊಂದು ಕಾಳಿಗೆ ದಾರಿ. ಕೂದಲು ಹೊರಬೀಳುವ ಮೊದಲೇ ತೆನೆಗೆ ಕಾಗದದ ಚೀಲ ತೊಡಿಸಬೇಕು. ಸೂಲಂಗಿಗೂ ಹಿಂದಿನ ದಿನವೇ ಚೀಲ ಕಟ್ಟಬೇಕು. ಬೆಳಿಗ್ಗೆ ಒಂಬತ್ತರ ಬಿಸಿಲಿಗೆ ಸೂಲಂಗಿಯ ಚೀಲವನ್ನು ಅಲುಗಿಸಿದರೆ ಹುಡಿ ಉದುರುತ್ತದೆ. ಅದನ್ನು ತೆನೆಯ ಕೂದಲಿಗೆ ಸುರಿದು, ಯಾವ ಗಾಳಿಗೂ ಸುಳಿವು ಹತ್ತದಂತೆ ಮತ್ತೆ ಚೀಲ ಮುಚ್ಚಬೇಕು. ಸುತ್ತಲೂ ಊರವರ ಹಳದಿ ಗೋವಿನಜೋಳ ಬೇರೆ ನಿಂತಿತ್ತು, ಅದರ ಹುಡಿ ಯಾವಾಗ ನುಗ್ಗೀತೆಂದು ಕಾಯುವಂತೆ.

ಸರಿಯಾಗಿ ಅದೇ ವಾರ ಶೈಲಶ್ರೀಗೆ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಬಿತ್ತು. ಹೋಗಲೇಬೇಕಾಯಿತು. ಅಲ್ಲಿಂದ ಫೋನ್ ಮಾಡಿ, “ಅಕ್ಕಾರ, ಪ್ರತಿ ತೆನಿಗೂ ಚೀಟಿ ಕಟ್ರಿ. ಎರಡೂ ಹೆಸರ ಬರದ ನಡು ಗುಣಾಕಾರದ ಗುರುತ ಹಾಕ್ರಿ, ಅಷ್ಟ ಸಾಕ,” ಎಂದಳು.

ಗುಣಾಕಾರದ ಗುರುತು ರಾಯವ್ವನಿಗೆ ಗೊತ್ತಿತ್ತು. ಹೆಸರುಗಳ ಕ್ರಮವನ್ನು ಶೈಲಶ್ರೀ ಹೇಳಲಿಲ್ಲ, ಯಾಕೆಂದರೆ ಸಸ್ಯಶಾಸ್ತ್ರ ಓದಿದವರಿಗೆ ಅದು ಹೇಳಬೇಕಾದ ಮಾತೇ ಅಲ್ಲ. ರಾಯವ್ವ ಕೇಳಲಿಲ್ಲ, ಯಾಕೆಂದರೆ ಹನ್ನೊಂದು ವರ್ಷ ಲಗ್ನಪತ್ರಿಕೆ ನೋಡಿದವಳಿಗೆ ಅದು ಕೇಳಬೇಕಾದ ಮಾತೇ ಅಲ್ಲ.

ಶ್ರಾವಣದ ಆ ದಿನಗಳಲ್ಲಿ ಅವಳು ಪಟ್ಟ ಕಷ್ಟ ಅವಳ ಗುಂಪಿಗೇ ಗೊತ್ತು. ಒಂದು ದಿನ ಬರೀ ಕೆಂಪಿನ ಹುಡಿ, ಮರುದಿನ ಬರೀ ಬಿಳಿಯದರ ಹುಡಿ. ನಡುವೆ ಎಲ್ಲರೂ ತಲೆಗೆ ಸ್ನಾನ ಮಾಡಬೇಕು, ಅಂಗಿ ಒಗೆಯಬೇಕು. ಕೊನೆಗೊಂದು ಬೆಳಿಗ್ಗೆ ಬಿಳಿ ಸಾಲಿನ ಮೂರು ತೆನೆಗಳ ಚೀಲವನ್ನು ಗಾಳಿ ಹರಿದುಹಾಕಿತ್ತು. ರಾಯವ್ವ ಹೊಸ ಚೀಲ ತೊಡಿಸಿ ಮೂರಕ್ಕೂ ಕರಿ ದಾರ ಕಟ್ಟಿದಳು.

ದಸರೆ ಕಳೆದ ಮೇಲೆ ತೆನೆ ಮುರಿದು ಪ್ರೆಸ್ಸಿನ ಮುಂದಿನ ಅಂಗಳದಲ್ಲಿ ತಾಡಪತ್ರಿಯ ಮೇಲೆ ಸಿಪ್ಪೆ ಸುಲಿದು ಹರವಿದರು. ನೋಡಿದರೆ ಕಣ್ಣು ತಂಪಾಗುವಂತಿತ್ತು. ಅರ್ಧ ತೆನೆಗಳು ಪೂರಾ ಕೆಂಪು, ಎಣ್ಣೆ ಸವರಿದಂಥ ಹೊಳಪು. ಇನ್ನರ್ಧ ತೆನೆಗಳ ಕಾಳಿನ ಮೇಲೆ ಕುಂಕುಮ ಸಿಡಿಸಿದಂತೆ ಕೆಂಪು ಚುಕ್ಕೆಗಳು.

“ನೋಡ ಬೇ ಗುರುಬಸವ್ವ,” ಎಂದಳು ರಾಯವ್ವ. “ಕೂಸ ಒಂದ ಅಂದಿದ್ದೆಲ್ಲಾ?”

ಮರುದಿನ ಶೈಲಶ್ರೀ ಬಂದಳು. ಜೊತೆಗೆ ಅವಳ ಮಾರ್ಗದರ್ಶಕರು, ಪ್ರೊಫೆಸರ್ ನಿಜಗುಣಪ್ಪ. ರಾಮದುರ್ಗದ ಕಡೆಯವರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಅವರ ಸಲುವಾಗಿಯೇ ಮಾಡಿದ್ದಾರೆ ಎನ್ನುವಂಥ ಮನುಷ್ಯ. ಚಪ್ಪಲಿ ಬಿಟ್ಟು ತಾಡಪತ್ರಿಯ ಮೇಲೆ ಬಂದವರೇ ಒಂದು ಚುಕ್ಕೆ ತೆನೆ ಎತ್ತಿ ಚೀಟಿ ಓದಿದರು. ಕೆಂಪು × ಬಿಳಿ. ಹುಬ್ಬು ಗಂಟಾಯಿತು. ಇನ್ನೊಂದು ಎತ್ತಿದರು, ಮತ್ತೊಂದು ಎತ್ತಿದರು. ಹತ್ತು ತೆನೆ ನೋಡಿ ಕೆಳಗಿಟ್ಟರು.

“ಶೈಲಶ್ರೀ, ಇದ ಎಲ್ಲಾ ಉಲ್ಟಾ ಆಗೇತಿ. ಪೂರಾ ಕೆಂಪ ಇರಬೇಕಾದಲ್ಲಿ ಚುಕ್ಕಿ ಅದಾವು, ಚುಕ್ಕಿ ಇರಬೇಕಾದಲ್ಲಿ ಪೂರಾ ಕೆಂಪ ಐತಿ. ಇಲ್ಲಾ ಚೀಟಿ ಅದಲಬದಲ ಆಗಿರಬೇಕು, ಇಲ್ಲಾ ಹುಡಿನ ಬೆರಕಿ ಆಗಿರಬೇಕು. ಯಾವದ ಅಂತ ಗೊತ್ತಿಲ್ಲದ ಮ್ಯಾಲ ಇದ ಡೇಟಾ ಅಲ್ಲವ್ವಾ, ದನದ ಮೇವ. ಮುಂದಿನ ಹಂಗಾಮಿಗೆ ಬ್ಯಾರೆ ಕಡಿಂದ ಕಲತ ಆಳ ತರಸೂಣು.”

ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ಗುರುಬಸವ್ವನಾದರೂ ಜಗಳಕ್ಕೆ ನಿಲ್ಲುತ್ತಿದ್ದಳು. ಶಾಂತವಾಗಿ ಹೇಳಿದ ಮಾತು ನೇರ ಎದೆಗೇ ಬಿತ್ತು. ಬೆರಕೆ! ರಾಯವ್ವನ ಹೊಲದಲ್ಲಿ ಬೆರಕೆ! ಈ ಮಾತು ಸಂಜೆಯೊಳಗೆ ಸವದತ್ತಿ ಮುಟ್ಟುತ್ತದೆ, ನಾಳೆ ರಾಮದುರ್ಗ ಮುಟ್ಟುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹತ್ತು ವರ್ಷ ಉಗುರು ಸವೆಸಿ ಗಳಿಸಿದ ಹೆಸರು ಹೋದರೆ ಈ ಹನ್ನೆರಡು ಹೆಂಗಸರನ್ನು ಯಾರು ಕರೆದಾರು? ಶೈಲಶ್ರೀಯ ಮುಖ ನೋಡಿದಳು. ಆ ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು.

“ಸರ್ರ, ಒಂದ ಮಾತ,” ಎಂದಳು ರಾಯವ್ವ. “ಬೈರಿ, ಬ್ಯಾಡನ್ನಂಗಿಲ್ಲ. ಆದ್ರ ಏನ ಬರಬೇಕಾಗಿತ್ತು, ಏನ ಬಂದೇತಿ, ಅಷ್ಟ ಹೇಳ್ರಿ. ತಪ್ಪ ಯಾವ ಅಕ್ಷರದಾಗ ಐತಿ ಅಂತ ಗೊತ್ತಾಗದ ನಾ ಅಡ್ಡಗೆರಿ ಎಳಿಯಾಕ ಬಿಡಂಗಿಲ್ಲ.”

ಶೈಲಶ್ರೀಯೇ ಕಣ್ಣೊರೆಸಿಕೊಂಡು ಚೀಟಿ ತೋರಿಸಿದಳು. “ಇಲ್ಲಿ ನೋಡ್ರಿ ಅಕ್ಕಾರ. ಕೆಂಪು ಇಂಟು ಬಿಳಿ. ಅಂದ್ರ ಕೆಂಪು ತಾಯಿ, ಬಿಳಿ ತಂದಿ. ತಾಯಿ ಕಡಿಂದ ಬಣ್ಣ ಬಂದ್ರ ಕಾಳ ಪೂರಾ ಕೆಂಪ ಆಗಬೇಕ್ರಿ. ಇದರಾಗ ಚುಕ್ಕಿ ಅದಾವು.”

“ಕೆಂಪು ತಾಯಿ ಅಂತ ಯಾರ ಹೇಳಿದ್ರು?”

“ಚೀಟ್ಯಾಗ ಐತೆಲ್ರಿ, ಮೊದಲ ಕೆಂಪು ಅಂತ.”

“ಮೊದಲ ಇದ್ರ ಅದು ಗಂಡಲ್ಲೇನ್ರಿ?” ಎಂದಳು ರಾಯವ್ವ, ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ. “ಚಿರಂಜೀವಿ ಕೆಂಪು, ಚಿರಂಜೀವಿ ಸೌಭಾಗ್ಯಕಾಂಕ್ಷಿಣಿ ಬಿಳಿ! ಗಂಡಿನ ಹೆಸರ ಮೊದಲ, ಹೆಣ್ಣಿನ ಹೆಸರ ಆಮ್ಯಾಲ!”

ಪ್ರೆಸ್ಸಿನ ಬಾಗಿಲಲ್ಲಿ ನಿಂತಿದ್ದ ಸದಾಶಿವ, “ಮತ್ತ ಇನ್ನೇನ?” ಎಂದ.

ಶೈಲಶ್ರೀ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಅಳುವೋ ನಗುವೋ, ಎರಡೂ ಒಟ್ಟಿಗೇ ಬಂದಿದ್ದವು. ನಿಜಗುಣಪ್ಪನವರು ಕನ್ನಡಕ ತೆಗೆದು ಒರೆಸಿದರು.

“ಅಕ್ಕಾರ, ನಮ್ಮ ಶಾಸ್ತ್ರದಾಗ ತಾಯಿ ಹೆಸರ ಮೊದಲ ಬರೀತೇವ್ರಿ. ತಂದಿದು ಆಮ್ಯಾಲ.”

ರಾಯವ್ವ ಅವರನ್ನೇ ನೋಡಿದಳು. “ಹೌದ? ಲೋಕದಾಗ ಅಂಥಾದ್ದೊಂದ ಜಾಗಾನೂ ಐತೇನ್ರಿ?”

ಅಷ್ಟಕ್ಕೆ ಕಥೆ ಮುಗಿಯಿತೆಂದು ಗುರುಬಸವ್ವ ಚಹಾ ಇಡಲು ಎದ್ದಳು. ಆದರೆ ನಿಜಗುಣಪ್ಪನವರು ಅಷ್ಟು ಸುಲಭದ ಆಸಾಮಿ ಅಲ್ಲ.

“ಸಿಟ್ಟ ಮಾಡಕೋಬ್ಯಾಡ್ರಿ. ಉತ್ತರ ಗೊತ್ತಾದ ಮ್ಯಾಲ ‘ನಾ ಉಲ್ಟಾ ಬರದಿದ್ದೆ’ ಅಂತ ಯಾರ ಬೇಕಾದ್ರೂ ಹೇಳಬಹುದು. ನಾ ನಂಬಿದ್ರೂ ಶಾಸ್ತ್ರ ನಂಬಂಗಿಲ್ಲ. ಚೀಟಿ ಬಿಟ್ಟ ಬ್ಯಾರೆ ಏನರ ಸಾಕ್ಷಿ ಐತೇನ್ರಿ, ಈ ತೆನಿ ಯಾವ ಗಿಡದಾಗ ಹುಟ್ಟಿದ್ದ ಅಂತ?”

ಮಾತು ಖಾರವಾಗಿತ್ತು, ಆದರೆ ನ್ಯಾಯವಾಗಿತ್ತು. ರಾಯವ್ವನಿಗೆ ಸಿಟ್ಟು ಬರಲಿಲ್ಲ. ತನ್ನಂತೆಯೇ ಪೆನ್ಸಿಲ್ ಹಿಡಿದ ಇನ್ನೊಬ್ಬ ಮನುಷ್ಯ ಇಲ್ಲಿದ್ದಾನೆ ಎನ್ನಿಸಿತು. ಎರಡು ನಿಮಿಷ ಆ ರಾಶಿಗಳನ್ನು ದಿಟ್ಟಿಸಿದಳು. ಕಾಳಿನ ಬಣ್ಣ ಬಿಟ್ಟು ತೆನೆಯನ್ನೇ ನೋಡಿದಳು. ತಟ್ಟನೆ ಎದ್ದು ಮನೆಯೊಳಗೆ ಹೋದಳು.

ಒಳಗೆ ತೊಲೆಗೆ ಆರು ತೆನೆಗಳು ಜೋತುಬಿದ್ದಿದ್ದವು. ಕ್ರಾಸ್ ಮಾಡದೆ, ಸಾಲಿನ ಕೊನೆಯ ಗಿಡಗಳಲ್ಲಿ ಅದರ ಹುಡಿಯನ್ನು ಅದಕ್ಕೇ ಹಾಕಿ, ಬೀಜಕ್ಕೆಂದು ಅವಳು ತೆಗೆದಿರಿಸಿದ್ದವು. ಮೂರು ಅಪ್ಪಟ ಕೆಂಪು, ಮೂರು ಅಪ್ಪಟ ಬಿಳಿ. ಅವನ್ನು ಬಿಚ್ಚಿ ತಂದು ನಿಜಗುಣಪ್ಪನವರ ಮುಂದಿಟ್ಟಳು.

“ಸಾಲ ಎಣಸ್ರಿ ಸರ್ರ.”

“ಯಾವ ಸಾಲ?”

“ಕಾಳಿನ ಸಾಲ. ಕೆಂಪಿಂದು ಗಿಡ್ಡ, ದಪ್ಪ, ಹದಿನಾರ ಸಾಲ. ಬಿಳಿದು ಉದ್ದ, ತೆಳ್ಳಗ, ಹನ್ನೆರಡ ಸಾಲ. ಕಾಳ ಅಪ್ಪನ ಕಡಿಂದ ಬಣ್ಣ ತರಬಹುದ್ರಿ. ಆದ್ರ ಕಾಳ ಕುಂತದ್ದ ಮನಿ ಅವ್ವಂದ. ಅವ್ವನ ಮನ್ಯಾಗ ಎಷ್ಟ ಖೋಲಿ ಅದಾವು, ಅಷ್ಟ ಇರತಾವು. ಅಪ್ಪ ಬಂದ ಒಂದ ಖೋಲಿನೂ ಹೆಚ್ಚ ಕಟ್ಟಂಗಿಲ್ಲ.”

ನಿಜಗುಣಪ್ಪನವರು ಮೂವತ್ತು ವರ್ಷ ಪಾಠ ಹೇಳಿದವರು. ತೆನೆಯ ಬೆಂಡು ತಾಯಿ ಗಿಡದ್ದೇ ಎಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಣ್ಣಕ್ಕೆ ಮರುಳಾಗಿ ಮನೆ ನೋಡುವುದನ್ನು ಮರೆತಿದ್ದರು. ಅಲ್ಲೇ ತಾಡಪತ್ರಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಮೊದಲ ತೆನೆ ಕೈಗೆತ್ತಿಕೊಂಡು ಉಗುರಿನಿಂದ ಸಾಲು ಎಣಿಸತೊಡಗಿದರು.

ಎಲ್ಲರೂ ಕುಳಿತರು. ಶೈಲಶ್ರೀ ಬರೆದುಕೊಂಡಳು, ಹನ್ನೆರಡು ಹೆಂಗಸರು ಎಣಿಸಿದರು, ಎಣಿಸಿದ್ದನ್ನು ನಿಜಗುಣಪ್ಪನವರು ಮತ್ತೊಮ್ಮೆ ಎಣಿಸಿದರು. ಕೆಂಪು × ಬಿಳಿ ಎಂದಿದ್ದವೆಲ್ಲ ಹನ್ನೆರಡು ಸಾಲು, ಎಲ್ಲೋ ಅಪರೂಪಕ್ಕೆ ಹತ್ತು. ಬಿಳಿ × ಕೆಂಪು ಎಂದಿದ್ದವೆಲ್ಲ ಹದಿನಾರು, ಅಪರೂಪಕ್ಕೆ ಹದಿನೆಂಟು. ಒಂದೂ ಈ ಕಡೆಯದು ಆ ಕಡೆ ಹೋಗಿರಲಿಲ್ಲ. ಗುರುಬಸವ್ವ ಇಟ್ಟ ಚಹಾ ಆರಿ ತಣ್ಣಗಾಗಿ, ಎರಡನೆಯ ಸಲ ಕಾಯಿಸಿ, ಅದೂ ಆರಿತು.

“ಸಾಲು ಸರಿ,” ಎಂದರು ನಿಜಗುಣಪ್ಪನವರು ಮಧ್ಯಾಹ್ನದ ಹೊತ್ತಿಗೆ. “ಇನ್ನ ಬೆರಕಿ. ಬಿಳಿ ತೆನಿಗೆ ಹೊರಗಿನ ಹುಡಿ ಬಿದ್ದಿದ್ರ ಹಳದಿ ಕಾಳ ಕಾಣಸಬೇಕು. ಸುತ್ತ ಎಲ್ಲಾ ಹಳದಿನ ಐತಿ.”

ಮತ್ತೆ ಹುಡುಕಾಟ. ಒಂದು ತೆನೆಯಲ್ಲಿ ಚುಕ್ಕೆ ಕಾಳುಗಳ ನಡುವೆ ಆರು ಹಳದಿ ಕಾಳು ಕಂಡವು. “ಇಲ್ಲಿ ಐತಿ!” ಎಂದರು ಅವರು, ಕಳ್ಳನ ಜುಟ್ಟು ಸಿಕ್ಕಂತೆ. ಇನ್ನೊಂದರಲ್ಲಿ ನಾಲ್ಕು. ಮತ್ತೊಂದರಲ್ಲಿ ಒಂಬತ್ತು. ಅಷ್ಟೇ. ಉಳಿದ ನೂರಾ ಹದಿನೇಳು ಬಿಳಿ ತೆನೆಗಳನ್ನು ತಿರುವಿ ತಿರುವಿ ನೋಡಿದರೂ ಒಂದೇ ಒಂದು ಹಳದಿ ಕಾಳು ಸಿಗಲಿಲ್ಲ.

ಆ ಮೂರನ್ನು ಒಟ್ಟಿಗಿಟ್ಟು ನೋಡಿದರು. ಮೂರರ ತೊಟ್ಟಿಗೂ ಕರಿ ದಾರ ಕಟ್ಟಿತ್ತು.

“ಇದೇನ್ರಿ ಈ ದಾರ?”

“ಗಾಳಿ ಚೀಲ ಹರದಿತ್ರಿ,” ಎಂದಳು ರಾಯವ್ವ. “ಹುಡಿ ಹೊಕ್ಕಿತೋ ಇಲ್ಲೋ ನನಗ ಕಂಡಿಲ್ಲ. ಅದಕ್ಕ ಇವನ್ನ ನಂಬಬ್ಯಾಡ್ರಿ ಅಂತ ಕಟ್ಟಿದ್ದೆ.”

ನಿಜಗುಣಪ್ಪನವರು ಎದ್ದು ನಿಂತರು. ಅಂಗಿಗೆ ಹತ್ತಿದ ಜೋಳದ ಸಿಪ್ಪೆ ಕೊಡವಿಕೊಂಡು, ಎಲ್ಲರೂ ನೋಡುತ್ತಿದ್ದಂತೆ ರಾಯವ್ವನಿಗೆ ಕೈ ಮುಗಿದರು.

“ಅಕ್ಕಾರ, ತಪ್ಪ ನಂದು. ದನದ ಮೇವ ಅಂದದ್ದ ನಾ ವಾಪಸ್ ತಗೋತೇನಿ. ತನ್ನ ತಪ್ಪಿಗೆ ತಾನ ದಾರಾ ಕಟ್ಟೂ ಕೈ ನಾ ಯಾವ ಲ್ಯಾಬಿನ್ಯಾಗೂ ನೋಡಿಲ್ಲ.”

ಹನ್ನೆರಡೂ ಹೆಂಗಸರು ಒಮ್ಮೆಗೇ ಹೋ ಎಂದರು. ಗುರುಬಸವ್ವ ಖಾಲಿ ಬುಟ್ಟಿ ಬಡಿದಳು. ಪೇಟೆಯ ಜನ ಬಾಗಿಲಿಗೆ ಬಂದು ಏನಾಯಿತು, ಯಾರು ಗೆದ್ದರು ಎಂದು ಕೇಳಿದರು. ರಾಯವ್ವನಿಗೆ ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು, ಅಂಗಳದ ನಡುವೆ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು. ಅಂಥ ಸುಖದ ಅಳುವನ್ನು ಅವಳು ಮಗಳು ರೇಣು ಹುಟ್ಟಿದಾಗ ಅತ್ತದ್ದು, ಆಮೇಲೆ ಇದೇ.

ಮೂರನೆಯ ಸಲದ ಚಹಾ ಬಿಸಿಬಿಸಿಯಾಗಿಯೇ ಬಂತು. ರಾಯವ್ವ ಕೇಳಿದಳು. “ಈಗರ ಹೇಳ್ರಿ ಸರ್ರ. ಕೆಂಪ ಅದ ಕೆಂಪ. ಅವ್ವ ಕೊಟ್ರ ಪೂರಾ, ಅಪ್ಪ ಕೊಟ್ರ ಚುಕ್ಕಿ, ಹಿಂಗ ಯಾಕ?”

“ಕೆಂಪಿನ ಜೀನು ಎರಡೂ ಕಡೆ ಒಂದ ನಮೂನಿರಿ. ಒಂದ ಅಕ್ಷರಾನೂ ಬ್ಯಾರೆ ಇಲ್ಲ,” ಎಂದರು ನಿಜಗುಣಪ್ಪನವರು. “ಆದ್ರ ಅದರ ಮ್ಯಾಲ ಸಣ್ಣ ಸಣ್ಣ ರಾಸಾಯನಿಕ ಗುರುತ ಇರತಾವು, ಇದನ್ನ ಓದಬ್ಯಾಡ ಅಂತ. ಹೂವಿನ್ಯಾಗ ಬೀಜ ಕಟ್ಟೂಕಿಂತ ಮೊದಲ ತಾಯಿ ಕಾಳಿನ ಹಿಟ್ಟಿಗೆ ಕೊಡೂ ಪಾಲಿನ ಮ್ಯಾಲಿನ ಗುರುತ ಅಳಸತಾಳ. ತಂದಿ ಪಾಲು ಗುರುತಿನ ಸಮೇತ ಬರತೇತಿ. ಅದಕ್ಕ ಅದನ್ನ ಅಲ್ಲಲ್ಲಿ ಅಷ್ಟ ಓದಾಕ ಆಗತೇತಿ, ಉಳದಲ್ಲಿ ಇಲ್ಲ. ಇದಕ್ಕ ಎಪಿಜೆನೆಟಿಕ್ಸ್ ಅಂತಾರ್ರಿ.”

ಆ ಶಬ್ದವನ್ನು ಗುರುಬಸವ್ವ ಎರಡು ಸಲ ಹೇಳಲು ಹೋಗಿ ನಾಲಿಗೆ ಕಚ್ಚಿಕೊಂಡಳು. ರಾಯವ್ವ ಮಾತ್ರ ಕಿವಿಯ ಹಿಂದಿನ ಪೆನ್ಸಿಲ್ ತೆಗೆದಳು. ಬಿದ್ದಿದ್ದ ಹಳೆಯ ಲಗ್ನಪತ್ರಿಕೆಯೊಂದರ ಮೇಲೆ ಒಂದು ಸಾಲಿಗೆ ನವಿರಾಗಿ ಅಡ್ಡಗೆರೆ ಎಳೆದು ತೋರಿಸಿದಳು.

“ಅಂದ್ರ ಅಚ್ಚಿನ ಅಕ್ಷರ ಅವ ಅದಾವು. ಮ್ಯಾಲಿನ ಪೆನ್ಸಿಲ್ ಗೆರಿ ಅಷ್ಟ ಬ್ಯಾರೆ. ಅವ್ವ ರಬ್ಬರ ಹಚ್ಚಿ ಕೊಡತಾಳ, ಅಪ್ಪ ಗೆರಿ ಇದ್ದಂಗ ಕೊಡತಾನ. ಹೌದಲ್ರಿ?”

ನಿಜಗುಣಪ್ಪನವರು ಚಹಾ ಕೆಳಗಿಟ್ಟರು. “ಇದನ್ನ ನಾ ಮುಂದಿನ ವಾರ ಕ್ಲಾಸಿನ್ಯಾಗ ಹೇಳತೇನ್ರಿ. ನಿಮ್ಮ ಹೆಸರ ಹಾಕೇ ಹೇಳತೇನಿ.”

“ಮತ್ತ ಈ ಚುಕ್ಕಿ ಕಾಳ ಬಿತ್ತಿದ್ರ? ಅದಕ್ಕ ಹುಟ್ಟಿದ್ದೂ ಚುಕ್ಕಿನ ಏನ್ರಿ?”

“ಬಿತ್ತಿ ನೋಡ್ರಿ,” ಎಂದರು ಅವರು. ಆ ಮನುಷ್ಯನಿಂದ ಅಷ್ಟೇ ಉತ್ತರ ಸಿಕ್ಕೀತು.

ಬಿತ್ತಿದಳು. ಹಿಂಗಾರಿನ ಕಾಲುವೆ ನೀರಿಗೆ ಮನೆಯ ಹಿತ್ತಲಲ್ಲೇ ಹತ್ತು ಚುಕ್ಕೆ ಕಾಳು, ಪಕ್ಕದಲ್ಲಿ ನಾಲ್ಕು ಬಿಳಿ ಕಾಳು ಊರಿದಳು. ಅವು ಗಿಡವಾಗಿ ತೆನೆ ಹಿಡಿದಾಗ ಬಿಳಿಯದರ ಹುಡಿ ತಂದು ಹಾಕಿದಳು, ಚೀಲ ಕಟ್ಟಿದಳು, ಈ ಸಲ ಚೀಟಿಯಲ್ಲಿ ತಾಯಿ ಹೆಸರನ್ನೇ ಮೊದಲು ಬರೆದಳು. ಬೇಸಿಗೆಯಲ್ಲಿ ತೆನೆ ಸುಲಿದ ದಿನ ಹಿತ್ತಲಲ್ಲಿ ಅವಳೊಬ್ಬಳೇ ಇದ್ದಳು. ಅರ್ಧ ಕಾಳು ಬಿಳಿ, ಅಂದರೆ ಬಣ್ಣದ ಪಾಲು ಸಿಗದಂಥವು. ಇನ್ನರ್ಧ ಕೆಂಪು, ಪೂರಾ ಕೆಂಪು. ಚುಕ್ಕೆಯದು ಹುಡುಕಿದರೂ ಒಂದಿಲ್ಲ. ಅಪ್ಪನ ಕಡೆಯಿಂದ ಗೆರೆ ಹೊತ್ತುಕೊಂಡೇ ಬಂದ ಜೀನು, ಆ ಗಿಡ ತಾನೇ ತಾಯಿಯಾದ ಕೂಡಲೇ ಗೆರೆ ಅಳಿಸಿಕೊಂಡು ಪೂರ್ಣ ದನಿಯಲ್ಲಿ ಮಾತಾಡಿತ್ತು. ರಾಯವ್ವ ಆ ತೆನೆಯನ್ನು ಎದೆಗೆ ಹಿಡಿದುಕೊಂಡು ಒಬ್ಬಳೇ ನಕ್ಕಳು.

ಅಷ್ಟರಲ್ಲಿ ಅವಳ ಹೆಸರು ಸವದತ್ತಿ, ರಾಮದುರ್ಗ ಎರಡನ್ನೂ ದಾಟಿ ಹೋಗಿತ್ತು. ನಿಜಗುಣಪ್ಪನವರು ಇನ್ನೂ ಮೂರು ಹೊಲಗಳ ಕೆಲಸ ತಂದರು. ಇವೇ ಕೈಗಳು ಬೇಕು ಎಂದು ಕಾಗದದಲ್ಲೇ ಬರೆಸಿದ್ದರು. ಶೈಲಶ್ರೀಯ ಪ್ರಬಂಧದಲ್ಲಿ ಹನ್ನೆರಡೂ ಹೆಂಗಸರ ಹೆಸರು ಅಚ್ಚಾಯಿತು. ಅದನ್ನು ರಾಯವ್ವನೇ ಪ್ರೂಫ್ ನೋಡಿ, ಗುರುಬಸವ್ವನ ಹೆಸರಿನಲ್ಲಿ ತಪ್ಪಿದ್ದ ಒಂದು ಒತ್ತಕ್ಷರವನ್ನು ಸರಿಮಾಡಿದಳು.

ಅದೇ ವೈಶಾಖದಲ್ಲಿ ರೇಣುವಿನ ಲಗ್ನ ಗೊತ್ತಾಯಿತು. ವರನ ಹೆಸರು ಅರ್ಜುನ, ಕಿತ್ತೂರಿನವನು. ಸ್ವಂತ ಮಗಳ ಪತ್ರಿಕೆ ಎಂದು ಸದಾಶಿವ ತಾನೇ ಕುಳಿತು ಜೋಡಿಸಿದ, ಪ್ರೂಫ್ ತೆಗೆದು ಹೆಂಡತಿಯ ಕೈಗಿಟ್ಟ. ಮೊದಲು ಚಿ. ಅರ್ಜುನ, ಕೆಳಗೆ ಚಿ. ಸೌ. ಕಾಂ. ರೇಣು. ರಾಯವ್ವ ಪೆನ್ಸಿಲ್ ತೆಗೆದಳು. ಎರಡೂ ಹೆಸರಿಗೆ ಸುತ್ತು ಹಾಕಿ, ಕೆಳಗಿನದು ಮೇಲೆ, ಮೇಲಿನದು ಕೆಳಗೆ ಎಂದು ಬಾಣದ ಗೆರೆ ಎಳೆದಳು.

“ಏನಬೇ ಇದು? ಬೀಗರ ಏನಂದಾರು?”

“ಶಾಸ್ತ್ರ ಕೇಳ್ರಿ ಅಂತ ಹೇಳತೇನಿ. ಕೇಳದಿದ್ರ ತೆನಿ ತೋರಸತೇನಿ.”

ಸದಾಶಿವ ಆ ಕಾಗದವನ್ನು ಬಹಳ ಹೊತ್ತು ನೋಡಿದ. ಬೀಗರು ಬಡಿದಾಡುತ್ತಾರೆ ಎಂದು ಇಪ್ಪತ್ತೆರಡು ವರ್ಷದ ಹಿಂದೆ ಹೆದರಿಸಿದವನು ಅವನೇ. ಕಾಗದ ಹಿಡಿದುಕೊಂಡು ಒಳಗೆ ಹೋದ. ಅರ್ಧ ತಾಸಿನಲ್ಲಿ ಹೊಸ ಪ್ರೂಫ್ ಬಂತು.

ರಾಯವ್ವ ಮೊದಲಿನಿಂದ ಓದಿದಳು. ಚಿ. ಸೌ. ಕಾಂ. ರೇಣು ಮೇಲೆ, ಚಿ. ಅರ್ಜುನ ಕೆಳಗೆ. ತಿಥಿ ಸರಿ, ವಾರ ಸರಿ, ಮುಹೂರ್ತ ಸರಿ. ಪೆನ್ಸಿಲ್ಲಿನ ತುದಿ ಸಾಲಿನಿಂದ ಸಾಲಿಗೆ ಇಳಿಯುತ್ತ ಕೊನೆಗೆ, ಕರೆಯುವವರ ಹೆಸರಿನ ಹತ್ತಿರ ಬಂದು ನಿಂತಿತು. ಅಲ್ಲಿ ಅವಳು ಏನನ್ನೂ ಬದಲಿಸಲು ಹೇಳಿರಲಿಲ್ಲ. ಅಲ್ಲಿ ಹೀಗಿತ್ತು: ಶ್ರೀಮತಿ ರಾಯವ್ವ ಹಾಗೂ ಶ್ರೀ ಸದಾಶಿವ.

ಅವಳು ತಲೆಯೆತ್ತಿದಳು. ಸದಾಶಿವ ಯಂತ್ರದ ಹತ್ತಿರ ಬೆನ್ನು ತಿರುಗಿಸಿ ನಿಂತು, ಆಗಲೇ ಒರೆಸಿದ್ದ ರೋಲರನ್ನು ಮತ್ತೆ ಒರೆಸುತ್ತಿದ್ದ.

“ತಪ್ಪ ಏನರ ಐತೇನ?” ಎಂದ, ತಿರುಗದೆಯೇ.

ರಾಯವ್ವ ಇನ್ನೊಮ್ಮೆ ಮೊದಲಿನಿಂದ ಕೊನೆಯವರೆಗೆ ನೋಡಿದಳು. ಆಮೇಲೆ ಪೆನ್ಸಿಲ್ಲನ್ನು ಕಿವಿಯ ಹಿಂದೆ ಸಿಗಿಸಿಕೊಂಡಳು.

“ಒಂದೂ ಇಲ್ಲ. ಅಚ್ಚ ಹಾಕ್ರಿ,” ಎಂದಳು.